ಒಂದೇ ಒಂದು ಸಲ ನಮ್ಮ ಕರೆಂಟು ತೆಗೆಯಿರಿ

ವಿದ್ಯುತ್ ಕಚೇರಿಯ ಮಾನ್ಯ ಮುಖ್ಯಾಧಿಕಾರಿಗಳೇ,

ದಯವಿಟ್ಟು ನಮ್ಮ ಮನೆಯ ಕರೆಂಟು ತೆಗೆಯಿರಿ. ಹೌದು, ತಾವು ಸರಿಯಾಗಿಯೇ ಓದಿದಿರಿ. ಕರೆಂಟು ಕೊಡಿ ಎಂಬ ಅರ್ಜಿಗಳನ್ನು ಮೂಲೆಗೆ ತಳ್ಳಿ ತಳ್ಳಿ ತಮ್ಮ ಕೈ ಪಳಗಿರಬಹುದು. ತೆಗೆಯಿರಿ ಎಂದು ಅಂಗಲಾಚುವ ಮೊದಲ ಗ್ರಾಹಕಿ ಬಹುಶಃ ನಾನೇ. ಯಾರೂ ಕೇಳದೆಯೇ ದಿನವೂ ತೆಗೆಯುವ ತಮಗೆ, ಕೈಮುಗಿದು ಕೇಳಿದಾಗ ಒಂದು ಸಲ ತೆಗೆಯಲು ಏನು ಕಷ್ಟ?

ನಮ್ಮತ್ತೆಯ ಶ್ವಾಸಕೋಶ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಉಳಿದರ್ಧವನ್ನು ಮಂಚದ ಪಕ್ಕದ ಆಮ್ಲಜನಕದ ಯಂತ್ರ ಮಾಡುತ್ತದೆ. ಅದಕ್ಕೆ ಕರೆಂಟು ಬೇಕು. ಅದಕ್ಕೇ ಜನರೇಟರ್ ಕೊಂಡೆವು. ಯಜಮಾನರು ಅದು ಮಳೆಗೆ ನೆನೆಯಬಾರದೆಂದು ಅಡುಗೆಮನೆಯ ಪಕ್ಕದ ವರಾಂಡದಲ್ಲಿ ಇಡಲು ಹೊರಟಿದ್ದರು. ಅದರ ಹೊಗೆಯಲ್ಲಿ ವಾಸನೆಯೇ ಇಲ್ಲದ ವಿಷಾನಿಲವಿರುತ್ತದೆ, ಹೋದ ಕರೆಂಟು ವಾಪಸ್ ಬರುವುದರೊಳಗೆ ನಾವೆಲ್ಲ ಹೋಗಿರುತ್ತೇವೆ ಎಂದು ಕೈಪಿಡಿ ಹಿಡಿದು ಜಗಳಕ್ಕೆ ನಿಂತೆ. ಒಂದು ಕಿಟಕಿ ತೆಗೆದಿಟ್ಟರೆ ಸಾಲದೇ ಎಂದು ಕೇಳಿದರು, ಪುಣ್ಯಾತ್ಮರು! ಕೊನೆಗೆ ಅದು ಹಿತ್ತಲಿನ ತುದಿಯಲ್ಲಿ, ಯಾವ ಕಿಟಕಿ ಬಾಗಿಲಿಗೂ ಸಿಗದಷ್ಟು ದೂರ, ಸಿಮೆಂಟು ಕಟ್ಟೆಯ ಮೇಲೆ ಕುಳಿತಿತು. ಲೈಸೆನ್ಸಿರುವ ಎಲೆಕ್ಟ್ರಿಷಿಯನ್ ಅರ್ಥಿಂಗ್ ಮಾಡಿ, ಚೇಂಜ್‌ಓವರ್ ಸ್ವಿಚ್ ಹಾಕಿಕೊಟ್ಟ. ಆ ಸ್ವಿಚ್ ಇಲ್ಲದಿದ್ದರೆ ನಮ್ಮ ಮನೆಯ ಕರೆಂಟು ತಂತಿಯಲ್ಲಿ ಹಿಂದಕ್ಕೆ ಹರಿದು, ಕಂಬ ಹತ್ತಿದ ತಮ್ಮದೇ ಲೈನ್‌ಮನ್ನನ್ನು ಕೊಲ್ಲಬಹುದು. ಅಂದರೆ ತಮ್ಮ ಸಿಬ್ಬಂದಿಯ ಜೀವವನ್ನೂ ನಾವೇ ನೋಡಿಕೊಂಡಿದ್ದೇವೆ.

ಇಷ್ಟೆಲ್ಲ ಆದ ಮೇಲೆ ತಮ್ಮ ಇನ್‌ಸ್ಪೆಕ್ಟರ್ ಬಂದು ಜನರೇಟರಿಗೆ ಸೀಲು ಹಾಕಿದರು. ಕರೆಂಟು ಹೋದಾಗ ಅದು ತಾನಾಗಿ ಚಾಲೂ ಆಗುವುದನ್ನು ಅವರು ಕಣ್ಣಾರೆ ನೋಡಬೇಕಂತೆ; ಅಲ್ಲಿಯವರೆಗೆ ಸೀಲು ಒಡೆದರೆ ಮನೆಯ ಸಂಪರ್ಕವನ್ನೇ ಕಡಿಯುತ್ತಾರಂತೆ. ಅದಕ್ಕೇನಂತೆ, ಈಗಲೇ ಮೇನ್ ಸ್ವಿಚ್ ಆರಿಸಿ ತೋರಿಸುತ್ತೇನೆ ಎಂದೆ.

"ಅದು ನೀವು ತೆಗೆದ ಹಾಗಾಗುತ್ತೆ ಮೇಡಂ. ತಾನಾಗಿ ಹೋಗ್ಬೇಕು," ಎಂದರು.

ಸರಿ, ಕುರ್ಚಿ ಹಾಕಿದೆವು. ಕೂತರು. ಟೀ ಕುಡಿದರು, ಅತ್ತೆಯ ಜೊತೆ ಇಸ್ಪೀಟಾಡಿ ಸೋತರು. ಬಲ್ಬು ಮಿಣುಕಲೂ ಇಲ್ಲ. ಅವರ ಸ್ಕೂಟರು ತಿರುವು ದಾಟಿತೋ ಇಲ್ಲವೋ, ಕರೆಂಟು ಹೋಯಿತು. ಮುಂದಿನ ವಾರವೂ ಅದೇ ಕಥೆ. ನಮ್ಮ ಗ್ರಹಚಾರ ಎಂದುಕೊಂಡಿದ್ದೆ. ಮೂರನೆಯ ಸಲ ಅವರೇ ಬಾಯಿಬಿಟ್ಟರು: ಸಿಬ್ಬಂದಿ ಸ್ಥಳದಲ್ಲಿರುವಷ್ಟು ಹೊತ್ತು, ಅವರ ಸುರಕ್ಷತೆಯ ದೃಷ್ಟಿಯಿಂದ, ಆ ಬೀದಿಯ ಲೈನು ತೆಗೆಯಕೂಡದೆಂದು ಆದೇಶವಿದೆಯಂತೆ. ಕರೆಂಟು ಹೋಗದೆ ಪರೀಕ್ಷೆ ಇಲ್ಲ. ಪರೀಕ್ಷಕರು ಇದ್ದರೆ ಕರೆಂಟು ಹೋಗುವುದಿಲ್ಲ. ಎರಡೂ ಆದೇಶಗಳಿಗೆ ತಮ್ಮದೇ ಸಹಿ. ಸಹಿ ಹಾಕುವಾಗ ತಾವಾದರೂ ಬೆಳಕಿನಲ್ಲಿ ಕೂತಿದ್ದಿರಾ ಸ್ವಾಮಿ?

ಇದು ಬೀದಿಗೆ ಗೊತ್ತಾಗಲು ಎಷ್ಟು ಹೊತ್ತು? ಇನ್‌ಸ್ಪೆಕ್ಟರ್ ಸ್ಕೂಟರು ಕಂಡರೆ ಸಾಕು, ಎಲ್ಲರೂ ನೀರಿನ ಮೋಟಾರು ಹಾಕತೊಡಗಿದರು, ಹಿಟ್ಟು ರುಬ್ಬತೊಡಗಿದರು. ಪಕ್ಕದ ಇಸ್ತ್ರಿ ಅಂಗಡಿಯವನಂತೂ ಅವರ ಅಂಗಿಯನ್ನೇ ಬಿಚ್ಚಿಸಿಕೊಂಡು ಹೋಗಿ, ಇಸ್ತ್ರಿ ಇನ್ನೂ ಆಗಿಲ್ಲ ಎಂದು ಸಂಜೆಯವರೆಗೆ ಕೂರಿಸಿದ. ಇಲಾಖೆಯ ಗೌರವ ಬನಿಯನ್ನಿನಲ್ಲಿ ಕೂತು ಆ ದಿನವೂ ಇಸ್ಪೀಟಿನಲ್ಲಿ ಸೋತಿತು.

ಕಳೆದ ವಾರ ಮಟಮಟ ಮಧ್ಯಾಹ್ನ ಕರೆಂಟು ಹೋಗಿದ್ದು ಬರಲೇ ಇಲ್ಲ. ತುರ್ತಿಗೆಂದು ಇಟ್ಟುಕೊಂಡಿದ್ದ ಚಿಕ್ಕ ಆಮ್ಲಜನಕದ ಸಿಲಿಂಡರಿನ ಮುಳ್ಳು ಇಳಿಯುತ್ತಾ ಬಂತು. ಅತ್ತೆಯ ತುಟಿ ನೀಲಿಗಟ್ಟಿತು. ತಮ್ಮ ಕಚೇರಿಯ ಫೋನು ಯಾರೂ ಎತ್ತಲಿಲ್ಲ. ತಿಂಗಳಿಗೊಮ್ಮೆಯೂ ಓಡಿಸಲು ಬಿಡದೆ ಸುಮ್ಮನೆ ನಿಲ್ಲಿಸಿದ್ದರಿಂದ ಜನರೇಟರಿನ ಬ್ಯಾಟರಿಯೂ ಸತ್ತಿತ್ತು. ಸೀಲು ಕಿತ್ತೆಸೆದರೂ ಅದು ಮಿಸುಕಲಿಲ್ಲ. ಕೊನೆಗೆ ಆ ಇಸ್ತ್ರಿಯವನೇ ತನ್ನ ಗಾಡಿಯಲ್ಲಿ ಆಸ್ಪತ್ರೆಯಿಂದ ಬೇರೆ ಸಿಲಿಂಡರ್ ತಂದ, ತಪ್ಪು ಮಾಡಿದವನ ಹಾಗೆ ಬಾಗಿಲಲ್ಲೇ ನಿಂತಿದ್ದ. ಇನ್‌ಸ್ಪೆಕ್ಟರ್ ಅಂಗಿ ಹಿಡಿದಿಟ್ಟುಕೊಂಡಿದ್ದಕ್ಕೆ ಅವನಿಗೆ ನಾಚಿಕೆಯಾಗಿತ್ತು. ತಮಗೆ?

ಉಸಿರು ತಿರುಗಿದ ಮೇಲೆ ಅತ್ತೆ ಆಡಿದ ಮೊದಲ ಮಾತು ಇದು: "ಆ ಇನ್‌ಸ್ಪೆಕ್ಟರ್ ಹುಡುಗನ್ನೇ ಮನೇಲಿ ಇಟ್ಕೊಂಬಿಡೋಣ ಕಣೇ. ಜನರೇಟರಿಗಿಂತ ಸದ್ದೂ ಕಡಿಮೆ, ಹೊಗೇನೂ ಇಲ್ಲ."

ಯೋಚಿಸಿದೆ. ಸರಿಯೆನಿಸಿತು. ಆದ್ದರಿಂದ ಮಾನ್ಯರೇ, ಒಂದೋ ಮೇನ್ ಸ್ವಿಚ್ ಆರಿಸಿ ಮಾಡುವ ಪರೀಕ್ಷೆಗೆ ಈ ವಾರವೇ ಒಪ್ಪಿಗೆ ಕೊಡಿ. ಇಲ್ಲವೇ ಇನ್‌ಸ್ಪೆಕ್ಟರನ್ನು ನಮ್ಮ ಮನೆಗೇ ಕಾಯಂ ಆಗಿ ನೇಮಿಸಿ. ಕಿಟಕಿಯ ಪಕ್ಕದಲ್ಲೇ ಇಟ್ಟುಕೊಳ್ಳುತ್ತೇವೆ, ಅಪಾಯವಿಲ್ಲ. ಹೊತ್ತುಹೊತ್ತಿಗೆ ಊಟ ಹಾಕುತ್ತೇವೆ, ತಿಂಗಳಿಗೊಮ್ಮೆ ತಪ್ಪದೆ ಹಿತ್ತಲಲ್ಲಿ ಓಡಿಸುತ್ತೇವೆ, ಬಿಸಿಯಾಗಿದ್ದರೆ ತಣ್ಣಗಾಗುವವರೆಗೆ ಮುಟ್ಟುವುದಿಲ್ಲ. ಕೈಪಿಡಿಯಲ್ಲಿರುವುದೆಲ್ಲ ನನಗೆ ಬಾಯಿಪಾಠ.

ಉತ್ತರ ಬರುವವರೆಗೆ ನಾನು ಉಸಿರು ಬಿಗಿಹಿಡಿದು ಕಾಯಬಲ್ಲೆ. ಅತ್ತೆಯಿಂದ ಅದು ಆಗುವುದಿಲ್ಲ.

ಇಂತಿ,
ಬಿಲ್ಲನ್ನು ತಪ್ಪದೆ ಕಟ್ಟಿ ಕತ್ತಲನ್ನು ಬೇಡಿಕೊಳ್ಳುತ್ತಿರುವ,
ಹಿತ್ತಲಲ್ಲಿ ಜನರೇಟರ್ ಇರುವ ಮನೆಯ ಸೊಸೆ