ಬಾಗಿಲಿಗೆ ಕಟ್ಟಿದ ಬೇವು

ಬೇತಮಂಗಲ
19-3-2024

ಪ್ರೀತಿಯ ವನಿತಾಗೆ ನಿಮ್ಮಮ್ಮನ ಆಶೀರ್ವಾದ.

ಕೆಮ್ಮು ಹೇಗಿದೆ ತಾಯಿ? ಆಸ್ಪತ್ರೆಯವರು ಕೊಡೋ ಮೊಟ್ಟೆ ಬಿಡದೆ ತಿನ್ನು, ಮಾತ್ರೆ ಒಂದು ಹೊತ್ತೂ ತಪ್ಪಿಸಬೇಡ. ನಿನ್ನ ನವ್ಯ ನನ್ನ ಹತ್ರಾನೇ ಇದ್ದಾಳೆ, ಈಗ ತೊಡೆ ಮೇಲೆ ಮಲಗಿದ್ದಾಳೆ. ಇದನ್ನ ಮೊದಲೇ ಹೇಳಿಬಿಟ್ಟೆ, ಮುಂದಿಂದು ಓದಿ ನೀನು ಎದೆ ಒಡ್ಕೋಬಾರದು ಅಂತ.

ನಿನ್ನ ಕೆಮ್ಮು ಮಗೂಗೆ ತಗಲಬಾರದು ಅಂತ ತಾನೇ ನಿಮ್ಮಕ್ಕ ಮೀನಾ ಹತ್ರ ಬಿಟ್ಟಿದ್ದು. ಅವಳು ಫೋನ್ ಮಾಡಿ, "ಮಗೂಗೆ ಗುಳ್ಳೆ ಎದ್ದೈತೆ, ಅಮ್ಮ ಆಗೈತೆ, ಮನೆ ಕಡೆ ಯಾರೂ ಬರಂಗಿಲ್ಲ" ಅಂದ್ಲು. ಅಮ್ಮ ಅಂದ್ಮೇಲೆ ನಾನು ಎದುರಾಡ್ತೀನಾ? ಕೈ ಮುಗಿದು ಫೋನ್ ಇಟ್ಟೆ. ಆದ್ರೆ ಅಜ್ಜಿ ಕರುಳು ಕೇಳಬೇಕಲ್ಲ, ನಿನ್ನೆ ಬಸ್ ಹತ್ತಿ ರಾಬರ್ಟ್‌ಸನ್‌ಪೇಟೆಗೆ ಹೋದೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ಲು. ಹೊರಗಿಂದಲೇ ನಮಸ್ಕಾರ ಮಾಡಿ ವಾಪಸ್ ಬರೋಳಿದ್ದೆ, ಅಷ್ಟರಲ್ಲಿ ಮಗು ಅತ್ತಿದ್ದು ಕೇಳಿಸ್ತು. ಅಳೋಕೂ ತ್ರಾಣ ಇಲ್ಲದ ದನಿ ಕಣೇ. ದೇವರು ಕೋಪ ಮಾಡ್ಕೊಂಡ್ರೆ ಮಾಡ್ಕೊಳ್ಲಿ ಅಂತ ಒಳಗೆ ನುಗ್ಗಿದೆ.

ಡೈಪರ್ ಊದಿ ಮೊಣಕಾಲವರೆಗೂ ಜೋತಾಡ್ತಿತ್ತು. ಬಿಚ್ಚಿದ್ರೆ ಚರ್ಮವೂ ಜೊತೆಗೇ ಬಂತು. ಅಮ್ಮ ಆದ್ರೆ ಗುಳ್ಳೆ ಮೈಯೆಲ್ಲಾ ಏಳ್ತವೆ, ಡೈಪರ್ ಕಟ್ಟೋ ಜಾಗದಲ್ಲಿ ಮಾತ್ರ ಏಳ್ತವಾ? "ಅಮ್ಮ ಆದಾಗ ನೀರು ಮುಟ್ಟಿಸ್ಬಾರ್ದು ಅಂತ ನೀನೇ ತಾನೇ ಯೋಳ್ಕೊಟ್ಟಿದ್ದು" ಅಂದ್ಲು ಮೀನಾ, ಟಿವಿಯಿಂದ ಕಣ್ಣು ತೆಗೀದೆ. ಅವಳ ಬಾಯಿಗೆ ಮಣ್ಣು ಹಾಕ! ಬೇವು ಕಟ್ಟಿದ್ದು ದೇವರಿಗಲ್ಲ, ನನ್ನನ್ನ ಹೊರಗೆ ನಿಲ್ಲಿಸೋಕೆ. ಮಗೂನ ಸೆರಗಲ್ಲಿ ಸುತ್ಕೊಂಡು ಅಲ್ಲೇ ಪೇಟೆ ಆಸ್ಪತ್ರೆಗೆ ಓಡಿದೆ. ಡಾಕ್ಟರಮ್ಮ ತೊಳೆದು ಮುಲಾಮು ಹಚ್ಚಿದ್ರು. ಡೈಪರ್ ಗುಳ್ಳೆ ಎಷ್ಟೋ ಮಕ್ಕಳಿಗೆ ಆಗುತ್ತೆ, ಅದೇ ತಪ್ಪಲ್ಲ, ಆದ್ರೆ ಇದು ಹೀಗೆ ಕೊಳೆಯೋವರೆಗೂ ಯಾರೂ ನೋಡಲಿಲ್ವಾ ಅಂತ ಬೈದ್ರು.

ರಾತ್ರಿ ಒಂದಿಷ್ಟು ರಾಗಿ ಗಂಜಿ ಕುಡಿದ್ಲು. ನೀನು ವಾಸಿಯಾಗಿ ಈ ಹೊಸಲು ತುಳಿಯೋವರೆಗೂ ಇವಳನ್ನ ನನ್ನ ಮಡಿಲಿಂದ ಇಳಿಸಲ್ಲ. ಕೋಲಾರಮ್ಮ ನಿನ್ನ ಕಾಯಲಿ.

ನಿಮ್ಮಮ್ಮ
ಪಾಪಕ್ಕ

ಇನ್ನೊಂದು ಮಾತು. ಮೇಲೆ ಬರೆಯೋಕೆ ಕೈ ಬರಲಿಲ್ಲ. ತೊಡೆ ಮೇಲೆ ಚಿವುಟಿದ ಗುರುತುಗಳೂ ಇದ್ವು, ಹಳೇವು, ಹೊಸವು. ಪೊಲೀಸರಿಗೆ ತಿಳಿಸಲೇಬೇಕು, ಮಗೂನ ನೋಡ್ಕೊಳ್ತಿದ್ದೋರು ಯಾರು ಅಂತ ಡಾಕ್ಟರಮ್ಮ ಕೇಳಿದ್ರು. ಮೀನಾನೂ ನಾನು ಹೆತ್ತವಳೇ ಅಲ್ವೇನೇ, ಮಗೂಗೆ ಸುತ್ತಿದ್ದ ಸೆರಗು ಸರಿಮಾಡ್ತಾ ಕೂತೆ. ಅಷ್ಟರಲ್ಲಿ ಮಗು ನರಳ್ತು. ಹೇಳಿಬಿಟ್ಟೆ. ನಿನ್ನೆ ಸಾಯಂಕಾಲವೇ ಪೊಲೀಸರು ಬಂದು ಮೀನಾನ ಕರ್ಕೊಂಡು ಹೋದ್ರಂತೆ. ನಿನಗೆ ಫೋನ್ ಮಾಡಿ ಅತ್ರೆ, ಹೆಸರು ಕೊಟ್ಟಿದ್ದು ನಾನೇ ಅಂತ ಹೇಳು, ಬಚ್ಚಿಡಬೇಡ.