ಹಸಿರು ತಂತಿ

ಮಾರ್ಚ್ 4, ಮಂಗಳವಾರ

ಪಕ್ಕದ ಮನೆಯಾಕೆ ಮತ್ತೆ ಕೇಳಿದರು, ನನ್ನ ಕೆಲಸವೇನೆಂದು. "ಲ್ಯಾಬಲ್ಲಿ ಟೆಲಿಫೋನ್ ಪೆಟ್ಟಿಗೆಗಳಿಗೆ ಮಷೀನಿಂದ ಸಿಡಿಲು ಹೊಡೆಸ್ತೀನಿ, ಬದುಕ್ತವೋ ಇಲ್ವೋ ನೋಡೋಕೆ," ಎಂದೆ. "ಪಾಪ, ಅವೇನು ಮಾಡಿದ್ವು?" ಎಂದರು. ದಾರಿಯುದ್ದಕ್ಕೂ ನಗು.

ಇಂದು ಮೂರರಲ್ಲಿ ಎರಡು ಸತ್ತವು. ನಾಳೆ ಭಾವನ ಪೆಟ್ಟಿಗೆ. ಡಿಸೈನ್ ಅವರದು, ಬೆಸುಗೆ ಅಕ್ಕನದು — ಊಟದ ಮೇಜಿನ ಮೇಲೇ ಅವಳ ಕಾರ್ಖಾನೆ. ಪಾಸಾದರೆ ದೊಡ್ಡ ಆರ್ಡರ್ ಸಿಗುತ್ತದಂತೆ.

"ನಿಮ್ಮ ಅಕ್ಕನ ಮನೇದು. ಬೇರೆಯವರಿಗೆ ಕೊಡ್ಲಾ?" ಬಾಸ್ ಕೇಳಿದರು.

"ಬೇಡ ಸರ್. ರೂಲ್ಸ್ ಅಂದ್ರೆ ರೂಲ್ಸ್."

ಹಾಗೆ ಹೇಳಿ ಖುಷಿಯಾಯಿತು.

ಮಾರ್ಚ್ 5, ಬುಧವಾರ

ಫೇಲ್.

ಭಾವ ಗಾಜಿನಾಚೆ ನಿಂತು ಜೋಕ್ ಹೊಡೆಯುತ್ತಿದ್ದರು. "ಭಾವ ಅಂತ ಸ್ವಲ್ಪ ಮೆತ್ತಗೆ ಹೊಡಿಯಮ್ಮ!" ಎಲ್ಲರೂ ನಕ್ಕರು. ನನಗೆ ರೇಗಿತು. ಮುಖ ಬಿಗಿದುಕೊಂಡು ಬಟನ್ ಒತ್ತಿದೆ. ಚಟ್ ಎಂದು ಸದ್ದು, ಸುಟ್ಟ ವಾಸನೆ. ಡಯಲ್ ಟೋನ್ ಇಲ್ಲ.

"ನಿಮ್ಮ ಮಷೀನು ಸರಿ ಇದೆಯಾ?" ಭಾವ ಮೆಲ್ಲಗೆ ಕೇಳಿದರು.

"ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ," ಎಂದೆ. ಎಲ್ಲರ ಮುಂದೆ.

ಆಮೇಲೆ ಭಾವ ಕಾರಣ ಕೇಳಿದರು. ಬೋರ್ಡಿನಲ್ಲಿ ಒಂದು ಕಡೆ ಬೆಸುಗೆ ಬಿಟ್ಟಿತ್ತು. "ಬೆಸುಗೆ ಸಡಿಲ ಇದ್ದಿರಬೇಕು," ಎಂದೆ. ಬಾಯಿಗೆ ಬಂದದ್ದು. ನಿಜವೂ ಇರಬಹುದು.

ಮಾರ್ಚ್ 11, ಮಂಗಳವಾರ

ಅಕ್ಕನ ಫೋನು. ಕಣ್ಣಿನ ಡಾಕ್ಟರ ಬಳಿ ಹೋಗಿದ್ದಳಂತೆ. ಕಣ್ಣು ಚೆನ್ನಾಗಿದೆ ಎಂದರಂತೆ.

"ಹಾಗಾದ್ರೆ ಕೈಯೇ ಕಣೇ. ನಡುಗುತ್ತೋ ಏನೋ, ನನಗೇ ಗೊತ್ತಾಗಿಲ್ಲ. ಬೆಸುಗೆ ಸಡಿಲ ಅಂತ ನೀನಂದದ್ದನ್ನ ನಿಮ್ಮ ಭಾವ ಹೇಳಿದ್ರು, ಅಷ್ಟೇ. ಬೈದಿದ್ರೆ ಚೆನ್ನಾಗಿತ್ತು."

ಬೆಸುಗೆಗೆ ಬೇರೊಬ್ಬಳನ್ನು ಇಟ್ಟಿದ್ದಾರಂತೆ. "ವಯಸ್ಸಾಯ್ತಲ್ಲ ಅಕ್ಕ, ಬಿಡು," ಎಂದೆ. ದೊಡ್ಡ ಸಮಾಧಾನ ಹೇಳುವವಳ ಹಾಗೆ.

ಮಾರ್ಚ್ 24, ಸೋಮವಾರ, ಬೆಳಗ್ಗೆ 10



ಭಾವನ ಟೆಸ್ಟ್ ಮುಗಿದ ಮೇಲೆ ಮಷೀನು ಅಳತೆ ಸರಿ ನೋಡುವ ಕ್ಯಾಲಿಬ್ರೇಶನ್‌ಗೆ ಹೋಗಿತ್ತು. ಇಂದು ವಾಪಸ್ ಬಂತು. ಜೋಡಿಸಲು ಮೇಜು ಎಳೆದೆ. ಹಿಂದೆ ಗೋಡೆಯ ಮೊಳೆಯಲ್ಲಿ ಹಸಿರು ತಂತಿ — ಪೆಟ್ಟಿಗೆಯ ಅರ್ಥಿಂಗ್. ಭಾವನ ಟೆಸ್ಟಿನ ಹಿಂದಿನ ದಿನ, ಬೇರೆ ಟೆಸ್ಟಿಗೆ ಬೇಡವೆಂದು ನಾನೇ ಬಿಚ್ಚಿ, ತುದಿಗೆ ಟೇಪ್ ಸುತ್ತಿ ತೂಗುಹಾಕಿದ್ದು. ಹಾಗೇ ಇದೆ. ನನ್ನ ಟೇಪು. ನನ್ನ ಗಂಟು.

ಅರ್ಥಿಂಗ್ ಇಲ್ಲದೆ ಸಿಡಿಲು ನೆಲಕ್ಕಿಳಿಯುವುದು ಹೇಗೆ? ಬೋರ್ಡಿನೊಳಗೇ ನುಗ್ಗಿದೆ. ಬೆಸುಗೆಯನ್ನು ಕಿತ್ತದ್ದೂ ಅದೇ. ಬಟನ್ ಒತ್ತುವ ಮುಂಚೆ ಹಸಿರು ತಂತಿ ಎಳೆದು ನೋಡಿ — ಹೊಸಬರಿಗೆಲ್ಲ ನಾನೇ ಹೇಳಿಕೊಡುವ ಪಾಠ. ಅಂದು ಭಾವನ ಮೇಲಿನ ಸಿಟ್ಟಿನಲ್ಲಿ ಎಳೆಯಲಿಲ್ಲ.

ಕುಣಿಯುವವಳು ಸರಿಯಾಗಿಯೇ ಕುಣಿದಿದ್ದಳು. ನೆಲವೇ ಡೊಂಕಾಗಿತ್ತು.

ಮಧ್ಯಾಹ್ನ 3

ಬೀರುವಿನಲ್ಲಿ ಭಾವ ಕೊಟ್ಟ ಎರಡನೇ ಸ್ಯಾಂಪಲ್ ಇತ್ತು. ಅದೂ ಅಕ್ಕನ ಬೆಸುಗೆ. ತಂತಿ ಹಾಕಿ, ಎಳೆದು ನೋಡಿ, ಹೊಡೆಸಿದೆ. ಎಲ್ಲ ಸುತ್ತೂ ಮುಗಿಸಿದೆ. ಫೋನ್ ಕಿವಿಗಿಟ್ಟುಕೊಂಡೆ. ಡಯಲ್ ಟೋನ್ ಗುಂಯ್ ಎನ್ನುತ್ತಿತ್ತು. ಅಳು ಬಂತು. ನಾಚಿಕೆಯ ಅಳು.

ಮಾರ್ಚ್ 25, ಮಂಗಳವಾರ

ಬಾಸ್‌ಗೆ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ.

"ಹೊಸ ಪೆಟ್ಟಿಗೆ ತರೋಕೆ ಹೇಳಿ, ರೀಟೆಸ್ಟ್ ಮಾಡಿಬಿಡೋಣ. ಪಾಸಾಗತ್ತೆ, ಅವರಿಗೂ ಖುಷಿ. ಕಾರಣ ಯಾಕೆ ಹೇಳ್ಬೇಕು? ಲ್ಯಾಬ್ ಮರ್ಯಾದೆ ಹೋಗತ್ತೆ."

"ಸರಿ ಸರ್," ಎಂದೆ. ನಾಚಿಕೆಗೆಟ್ಟವಳು. ಎದೆಯ ಭಾರ ಇಳಿದಂತಾಯಿತು.

ಬಸ್ಸಿನಲ್ಲಿ ಹೊಳೆಯಿತು. ಹೊಸ ಪೆಟ್ಟಿಗೆಗೆ ಬೆಸುಗೆ ಹೊಸಬಳದು. ಅದು ಪಾಸಾದರೆ... ತಪ್ಪು ಅಕ್ಕನ ಕೈಯದೇ ಎಂದು ಖಾಯಂ ಆದಂತೆ. ನನ್ನ ಮರ್ಯಾದೆ ಉಳಿಯಿತು, ಅವಳ ಕೈ ಹೋಯಿತು.

ನಾಳೆ ಫೋನ್ ಮಾಡಿ ಹೇಳಿಬಿಡಬೇಕು.

ಮಾರ್ಚ್ 29, ಶನಿವಾರ

ಮಾಡಿಲ್ಲ. ಸೋಮವಾರ ಹೊಸ ಪೆಟ್ಟಿಗೆ ತರುತ್ತಾರಂತೆ ಭಾವ.

ಮಾರ್ಚ್ 30, ಭಾನುವಾರ, ಬೆಳಗ್ಗೆ 11, ಅಕ್ಕನ ಮನೆ

ಭಾವ ಹೊರಗೆ ಹೋಗಿದ್ದಾರೆ. ಅಕ್ಕ ಒಳಗೆ ಟೀ ಮಾಡುತ್ತಿದ್ದಾಳೆ. ಧೈರ್ಯಕ್ಕೆಂದು ಇದನ್ನು ಬರೆಯುತ್ತಿದ್ದೇನೆ. ಬ್ಯಾಗಿನಲ್ಲಿ ಅವಳ ಪೆಟ್ಟಿಗೆ, ಬದುಕಿ ಉಳಿದದ್ದು. ಊಟದ ಮೇಜು ಖಾಲಿ. ಮೇಲೆ ಬೆಸುಗೆಯ ಸುಟ್ಟ ಚುಕ್ಕೆಗಳಷ್ಟೇ.

ಬಂದ ತಕ್ಷಣ ಸೂಜಿ ದಾರ ಕೊಟ್ಟಳು. "ಪೋಣಿಸಿಕೊಡೇ. ಈಗೆಲ್ಲ ಪಕ್ಕದ ಮನೆಯವಳನ್ನೇ ಕರೀತೀನಿ. ನನ್ನ ಕೈ ನಂಬೋ ಹಾಗಿಲ್ಲ."

ಪ್ರಯತ್ನಿಸಿದೆ. ಆಗಲಿಲ್ಲ. ಮತ್ತೆ ಮತ್ತೆ ತಪ್ಪಿತು. ನಡುಗುತ್ತಿದ್ದದ್ದು ನನ್ನ ಕೈ.

"ಅಯ್ಯೋ, ಕೊಡಿಲ್ಲಿ," ಎಂದು ಕಿತ್ತುಕೊಂಡು ಒಂದೇ ಸಲಕ್ಕೆ ಪೋಣಿಸಿದಳು. ತಾನೇನು ಮಾಡಿದೆನೆಂದು ಗಮನಿಸಲೂ ಇಲ್ಲ. ಒಲೆಯ ಮೇಲೆ ಹಾಲು ಉಕ್ಕುತ್ತದೆಂದು ಓಡಿದಳು.

ಸೂಜಿ ಮೇಜಿನ ಮೇಲಿದೆ, ದಾರದ ಸಮೇತ. ಅಲ್ಲಿಂದಲೇ ಶುರು ಮಾಡಬೇಕು. ಕಪ್ಪಿನ ಸದ್ದು. ಬಂದಳು. ಅಕ್ಕ, ನಿನ್ನ ಕೈ ಸರಿಯಾಗೇ ಇದೆ, ತಪ್ಪು ನನ್ನ —