ಎಂಟನೆಯ ಗಡಿಯಾರದ ಸ್ಪ್ರಿಂಗು

ಗಡಿಯಾರ ರಿಪೇರಿ ಅಂಗಡಿಯ ಕೆಲಸದ ಮೇಜಿನಿಂದ,
ಬುಧವಾರ, ಹದಿನಾಲ್ಕನೇ ತಾರೀಖು, ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಕಿವಿನೋವು ಇಳಿಯಿತೇ? ನೀರಿನಿಂದ ಮೇಲೆ ಬಂದ ಕೂಡಲೇ ತಲೆ ಒರೆಸಿಕೊ ಎಂದು ಅಮ್ಮ ನೂರು ಸಲ ಹೇಳಿದ್ದಾಳೆ, ನೂರಾ ಒಂದನೆಯ ಸಲ ನನ್ನ ಕೈಯಲ್ಲಿ ಬರೆಸುತ್ತಿದ್ದಾಳೆ. ನಾವಿಬ್ಬರೂ ಚೆನ್ನಾಗಿದ್ದೇವೆ. ಮುಂದೆ ಓದುವ ಮೊದಲು ಒಂದು ಕೆಲಸ ಮಾಡು. ಕೈಯಲ್ಲಿರುವ ಕಿತ್ತಳೆ ಗಡಿಯಾರವನ್ನು ಬಿಚ್ಚಿ ಪೆಟ್ಟಿಗೆಯೊಳಗೆ ಇಡು. ಶುಕ್ರವಾರ ಸೇತುವೆಯ ಕಂಬದ ಬುಡ ನೋಡಲು ನದಿಗೆ ಇಳಿಯುವಾಗ ಅದನ್ನು ಕಟ್ಟಿಕೊಳ್ಳಲೇಬೇಡ. ಯಾಕೆ ಅಂತ ಹೇಳುತ್ತೇನೆ, ಬೈಯಬೇಡ. ಸಾಲು ಸೊಟ್ಟಗಿದ್ದರೆ ನಗಲೂ ಬೇಡ, ಪೆನ್ನು ಸರಿಯಿಲ್ಲ.

ನಿಮ್ಮ ಶಿಬಿರದ ಫೋನು ಮೂರು ದಿನದಿಂದ ಸತ್ತು ಬಿದ್ದಿದೆ. ಬೆಳಗಿನಿಂದ ಹನ್ನೊಂದು ಸಲ ಮಾಡಿದೆ. ಸಾಮಾನಿನ ಲಾಂಚು ನಾಲ್ಕು ಗಂಟೆಗೆ ಹೊರಟರೆ ನಾಳೆ ಸಂಜೆಗೆ ನಿಮ್ಮಲ್ಲಿರುತ್ತದೆಯಂತೆ. ಅದಕ್ಕೇ ಈ ಅವಸರದ ಕಾಗದ. ಅಂಚೆಗೆ ಹಾಕುವುದಿಲ್ಲ, ಚಾಲಕನ ಕೈಗೇ ಕೊಡುತ್ತೇನೆ.

ಬೆಳಿಗ್ಗೆ ನನ್ನ ಗಡಿಯಾರಗಳ ಸಂಗ್ರಹವನ್ನೆಲ್ಲ ಒರೆಸಿಡೋಣ ಎಂದು ಕೂತಿದ್ದೆ. ನಿನಗೆ ಗೊತ್ತಲ್ಲ, ಇವನ್ನು ಮಾಡುವ ಸ್ವಿಸ್ ಕಾರ್ಖಾನೆಯೇ ಪುಟ್ಟದು, ನೀರಿನಾಳಕ್ಕೆ ಇಳಿಯುವವರಿಗೆಂದೇ ಬೆರಳೆಣಿಕೆಯ ಜನ ಕೂತು ಮಾಡುವ ಮುಳುಗು ಗಡಿಯಾರಗಳು. ಒಂದೊಂದೂ ಡಬ್ಬಿಯ ಮುಚ್ಚಳದಷ್ಟು ದಪ್ಪ, ಕಣ್ಣು ಕುಕ್ಕುವ ಬಣ್ಣ, ಕೆಸರು ನೀರಿನಲ್ಲೂ ಕಾಣುವ ಕೋಲಿನಂಥ ಮುಳ್ಳು. ಮೊದಲನೆಯದು ಮನೆಗೆ ಬಂದ ದಿನ ಅಮ್ಮ, "ಇದು ಗಡಿಯಾರಾನಾ, ಬಾಗಿಲ ಚಿಲಕಾನಾ?" ಅಂದಿದ್ದಳು. ಒಂದೊಂದನ್ನು ತರಲೂ ವರ್ಷಗಟ್ಟಲೆ ಕಾದಿದ್ದೇನೆ, ಒಂದನ್ನೂ ಇನ್ನೊಬ್ಬರ ಕೈಗೆ ಬಿಟ್ಟವಳಲ್ಲ. ಎಂಟರಲ್ಲಿ ಚೆಂದದ್ದನ್ನು ನಿನಗೇ ಕೊಟ್ಟೆ. ಪೆಟ್ಟಿಗೆಯಲ್ಲಿ ಕೂತು ಕೊಳೆಯಲು ಅದನ್ನು ಮಾಡಿಲ್ಲ ಎಂದು ನೀನೇ ವಾದಿಸಿದ್ದೆ, ನಾನು ಸೋತಿದ್ದೆ.

ಮೇಜಿನ ಮೇಲೆ ಹಾಸಿದ ಬಟ್ಟೆಯ ಮಡಿಕೆಯಲ್ಲಿ ಏನೋ ಬೆರಳಿಗೆ ಚುಚ್ಚಿತು. ಉಗುರಿನ ಚೂರಿನಷ್ಟು ಉಕ್ಕಿನ ಸ್ಪ್ರಿಂಗು. ಗಾಜಿನ ಸುತ್ತ, ನೀರಿಗಿಳಿದು ಎಷ್ಟು ನಿಮಿಷವಾಯಿತೆಂದು ತೋರಿಸುವ ಉಂಗುರದ ಕೆಳಗೆ ಕೂರುವಂಥದ್ದು. ಆ ಉಂಗುರವನ್ನು ಒಂದೇ ದಿಕ್ಕಿಗೆ ತಿರುಗಲು ಬಿಡುವುದು ಅದೇ. ನೀರೊಳಗೆ ಕಲ್ಲಿಗೋ ಹಗ್ಗಕ್ಕೋ ತಾಗಿ ಉಂಗುರ ಜರುಗಿದರೂ, ಸಮಯ ಹೆಚ್ಚು ಕಳೆದಿದೆ ಎಂದೇ ತೋರಿಸಬೇಕು. ಆಗ ಮುಳುಗಿದವನು ಬೇಗ ಮೇಲೆ ಬರುತ್ತಾನೆ, ಅಷ್ಟೇ. ಸ್ಪ್ರಿಂಗು ಇಲ್ಲದಿದ್ದರೆ ಹಿಂದಕ್ಕೂ ಜರುಗುತ್ತದೆ. ಇಪ್ಪತ್ತೈದು ನಿಮಿಷ ಕಳೆದಿದ್ದರೂ ಹದಿನೈದು ಎನ್ನುತ್ತದೆ. ನೀನು ಅದನ್ನು ನಂಬಿ ಅಲ್ಲೇ ಇರುತ್ತೀಯ.

ಒಂದೊಂದೇ ಗಡಿಯಾರ ಎತ್ತಿಕೊಂಡು ಉಂಗುರವನ್ನು ಹಿಂದಕ್ಕೆ ತಿರುಗಿಸಲು ನೋಡಿದೆ. ಹಳದಿಯದು ಅಲುಗಲಿಲ್ಲ. ನೀಲಿಯದು ಅಲುಗಲಿಲ್ಲ. ಹಸಿರಿನದನ್ನು ಮೂರು ಸಲ ನೋಡಿದೆ, ಅದಾಗಿರಲಿ, ಅದೇ ಆಗಿರಲಿ ಎಂದು ಬೇಡಿಕೊಂಡೇ ನೋಡಿದೆ. ಏಳೂ ಗಟ್ಟಿಯಾಗಿ ಕೂತಿದ್ದವು. ಉಳಿದದ್ದು ನಿನ್ನ ಕೈಯಲ್ಲಿರುವ ಎಂಟನೆಯದು. ಸ್ಪ್ರಿಂಗು ಇಲ್ಲದಿದ್ದರೂ ಉಂಗುರದ ಕೆಳಗಿನ ರಬ್ಬರು ಅದನ್ನು ಬಿಗಿಯಾಗೇ ಹಿಡಿದಿರುತ್ತದೆ, ದಪ್ಪ ಕೈಗವಸಿನ ಮೇಲೆ ನಿನಗೆ ವ್ಯತ್ಯಾಸವೇ ತಿಳಿಯುವುದಿಲ್ಲ.

ಅವಸರದಲ್ಲಿ ಆದದ್ದು ಇದು. ನೀನು ಹೊರಡುವ ದಿನ ನಾನು ಅದನ್ನು ಬಿಚ್ಚಿ ಒರೆಸಿ ಮುಚ್ಚುತ್ತಿದ್ದಾಗ, ನೀನು ಬಾಗಿಲಲ್ಲಿ ನಿಂತು "ಅಕ್ಕಾ, ಬಸ್ಸು ಹೋಗತ್ತೆ, ಬೇಗ ಕೊಡೇ" ಎಂದು ತಕತಕ ಕುಣಿಯುತ್ತಿದ್ದೆ. ಹದಿನೇಳನೆಯ ವಯಸ್ಸಿನಲ್ಲಿ ನೀನು ಹಸಿರಿನದನ್ನು ಬಿಚ್ಚಿ ಒಂದು ಸ್ಕ್ರೂ ಕಳೆದಾಗ, "ನಿನ್ನ ಕೈಗೆ ಗುದ್ದಲಿನೇ ಸರಿ" ಎಂದು ಬೈದು ಈ ಮೇಜಿನ ಮುಂದಿನ ಸ್ಟೂಲಿನಿಂದ ಎಬ್ಬಿಸಿ ಕಳಿಸಿದ್ದೆ. ನೀನು ಮತ್ತೆ ಆ ಸ್ಟೂಲಿನ ಮೇಲೆ ಕೂರಲೇ ಇಲ್ಲ, ನದಿಯ ತಳದ ಕೆಲಸಕ್ಕೆ ಸೇರಿದೆ. ಬೆಳಗಿನಿಂದ ಆ ಮಾತು ನನ್ನ ಬೆನ್ನು ಬಿಟ್ಟಿಲ್ಲ. ನೀನು ಮಾತ್ರ ಈಗಲೂ "ಅಕ್ಕನ ಕೈ ಮುಟ್ಟಿದ ಗಡಿಯಾರ ತಪ್ಪಲ್ಲ" ಎಂದು ಶಿಬಿರದಲ್ಲೆಲ್ಲ ಡಂಗುರ ಹೊಡೆಯುತ್ತೀಯಂತೆ. ಹೊಡೆಯಬೇಡ ಮಾರಾಯ. ಶುಕ್ರವಾರ ದಡದಲ್ಲಿ ಹಗ್ಗ ಹಿಡಿಯುವವನು ಎಣಿಸುವ ಸಮಯವನ್ನೇ ನಂಬು.

ಅಮ್ಮನ ಆಶೀರ್ವಾದವಿದೆ. ನನ್ನದು ಕೆನ್ನೆಗೊಂದು ಏಟು, ನೆತ್ತಿಗೊಂದು ಮುತ್ತು.

ನಿನ್ನ ಸಿಡುಕಿ ಅಕ್ಕ

ತಾ.ಕ.: ಲಕೋಟೆ ಅಂಟಿಸಿ ಬಂದರಿಗೆ ಬಂದವಳು ಮತ್ತೆ ಹರಿದು ಇಲ್ಲೇ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಚಾಲಕ ಕೂಗುತ್ತಿದ್ದಾನೆ. ಅವಸರವೂ ಅಲ್ಲ, ಬಸ್ಸೂ ಅಲ್ಲ, ಪೆನ್ನೂ ಅಲ್ಲ. ಐದು ತಿಂಗಳಿಂದ ನನ್ನ ಬಲಗಣ್ಣಿಗೆ ಮಂಜು ಬಿಟ್ಟರೆ ಏನೂ ಕಾಣುತ್ತಿಲ್ಲ. ಅಮ್ಮನಿಗೂ ಹೇಳಿಲ್ಲ, ಬೆರಳಿನ ಅಂದಾಜಿನಲ್ಲೇ ಕೆಲಸ ಮಾಡುತ್ತಿದ್ದೆ. ನಿನ್ನ ಮಾತು ಕೇಳಿ ನಿನ್ನ ಜೊತೆಯವರು ಮೂವರು ಕಳೆದ ತಿಂಗಳು ತಮ್ಮ ಗಡಿಯಾರ ಕಳಿಸಿದ್ದರಲ್ಲ, ಅವನ್ನೂ ಹೀಗೇ ಬಿಚ್ಚಿ ಮುಚ್ಚಿದ್ದೇನೆ. ಅವರೂ ಶುಕ್ರವಾರ ಇಳಿಯುವವರೇ. ನಾಳೆ ಸಂಜೆ ಎಲ್ಲರನ್ನೂ ಕೂರಿಸಿ ಈ ಕಾಗದವನ್ನು ಗಟ್ಟಿಯಾಗಿ ಓದು. ನನ್ನ ಮಾನ ಉಳಿಸಲು ಏನನ್ನೂ ಬಿಡಬೇಡ, ಕಣ್ಣಿನ ವಿಷಯ ಎರಡು ಸಲ ಓದು.